ಹನ್ನೊಂದು ಹೆಜ್ಜೆ

ಹೆಗಲು ಕೊಡಲು ಐದೇ ಜನ ಸಿಕ್ಕಿದ್ದರು.
ಆರನೆಯವನಾಗಿ ನನ್ನ ತಮ್ಮ ಲೀಲ್ಯಾಂಡ್
ಕುಂಟುತ್ತ ಹೋಗಿ ಹಿಂದಿನ ಹಿಡಿ ಹಿಡಿದ.
ಬೇಡ ಎಂದೆ. ಬೇಡ ಎಂದದ್ದನ್ನು
ಅವನು ಯಾವತ್ತು ಕೇಳಿದ್ದಾನೆ.

ಆರ್ಕನ್ಸಾದ ಫೆಬ್ರವರಿ. ನೆಲ ಕಲ್ಲಾಗಿತ್ತು.
ಗುಂಡಿ ತೋಡಿದ ಯಂತ್ರ ಅಲ್ಲೇ
ಹಳದಿ ಕೊಕ್ಕು ಊರಿ ಕಾಯುತ್ತಿತ್ತು.
ಟಿವಿಯವರು ಯಾರೂ ಇಲ್ಲ. ಒಂದು ಕಾಲಕ್ಕೆ
ಹದಿನಾಲ್ಕು ರಾಜ್ಯಗಳ ಬೆಳಗನ್ನು
ಕೆಮ್ಮಿ, ಗಂಟಲು ಸರಿಮಾಡಿ, ಶುರು ಮಾಡುತ್ತಿದ್ದ
ಬ್ರದರ್ ಓರಿನ್ ಥ್ಯಾಕ್‌ಸ್ಟನ್
ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ
ಮೂರು ದಿನ ಸತ್ತು ಬಿದ್ದಿದ್ದು,
ಬಾಡಿಗೆ ಕೇಳಲು ಬಂದವನಿಗೆ ಸಿಕ್ಕಿದ್ದ.

ಅಮ್ಮ ಕೋಳಿ ಕಾರ್ಖಾನೆಯಲ್ಲಿ ರೆಕ್ಕೆ ಕತ್ತರಿಸುತ್ತಿದ್ದಳು.
ಬೆರಳ ಸಂದಿಯ ನಾತ ನಿಂಬೆ ಉಜ್ಜಿದರೂ ಹೋಗದು.
ಆ ಬೆರಳುಗಳೇ ತಿಂಗಳಿಗೆ ಹತ್ತು ಡಾಲರ್
ಲಕೋಟೆಗೆ ತುರುಕಿ ಅವನ ಹೆಸರಿಗೆ ಕಳಿಸಿದವು.
ಬದಲಿಗೆ ಬಂದದ್ದು ಕರ್ಚೀಫಿನಷ್ಟು ಬಟ್ಟೆ,
ಮೂಲೆಯಲ್ಲಿ ನೀಲಿ ಮುದ್ರೆ: ಪ್ರಾರ್ಥಿಸಲಾಗಿದೆ.
ಲೀಲ್ಯಾಂಡನ ತೊಡೆಗೆ ಅದನ್ನು ಕಟ್ಟಿ
ದೀಪ ಆರಿಸುತ್ತಿದ್ದಳು.

ಆ ಆಗಸ್ಟ್ ರಾತ್ರಿ ಡೇರೆಯೊಳಗೆ ಮೂರು ಸಾವಿರ ಬೀಸಣಿಗೆ,
ಶವಪೆಟ್ಟಿಗೆ ಕಂಪನಿ ಪುಕ್ಕಟೆ ಹಂಚಿದ ರಟ್ಟಿನವು.
ನನಗೆ ಹನ್ನೆರಡು, ಅವನಿಗೆ ಒಂಬತ್ತು.
ಥ್ಯಾಕ್‌ಸ್ಟನ್ ಕಾಲಿನ ಕಬ್ಬಿಣದ ಕಟ್ಟು ಬಿಚ್ಚಿ
ಎಲ್ಲರಿಗೂ ಕಾಣುವಂತೆ ಎತ್ತಿ,
"ಇಗೋ ಸೈತಾನನ ಬೇಡಿ" ಎಂದ. ಎಸೆದ.
ಬಿದ್ದ ಸದ್ದು ಮೈಕಿನಲ್ಲೂ ಕೇಳಿಸಿತು.
"ನಡೆ, ಮಗನೆ."
ನಡೆದ. ನಾನು ಎಣಿಸಿದೆ. ಹನ್ನೊಂದು.
ಹನ್ನೆರಡನೆಯದಕ್ಕೆ ಬ್ಯಾಂಡು ಶುರುವಾಗಿ
ಯಾರೋ ಅವನನ್ನು ಎತ್ತಿಕೊಂಡರು,
ಕಾಣಿಕೆಯ ಬಕೆಟ್ಟು ನಮ್ಮ ಸಾಲಿಗೆ ಬಂತು.

ಕಾರು ನಿಲ್ಲಿಸಿದ ಹುಲ್ಲುಗಾವಲಲ್ಲಿ ಬಿದ್ದ.
ಕಬ್ಬಿಣ ವಾಪಸು ಕೇಳಲು ಅಮ್ಮನಿಗೆ ನಾಚಿಕೆ.
ಕೇಳಿದರೆ ನಂಬಿಕೆ ಸಾಲದು ಅಂತಾಗುತ್ತದಲ್ಲ.
ಹೊಸದಕ್ಕೆ ನಲವತ್ತೆರಡು ಡಾಲರ್, ಕಂತಿನಲ್ಲಿ.

ಆಮೇಲಿನದು ಪೇಪರಿನಲ್ಲಿ ಬಂದದ್ದೇ.
ವಿಮಾನ, ಕೆರೆದಂಡೆಯ ಬಂಗಲೆ,
ಲೆಕ್ಕಿಗ ಬಚ್ಚಿಟ್ಟಿದ್ದ ಶೂ ಡಬ್ಬ,
ಗಾಯಕವೃಂದದ ಇಬ್ಬರು ಹೆಂಗಸರ ಸಾಕ್ಷಿ.
ಕೋರ್ಟಿನ ಮೆಟ್ಟಿಲ ಮೇಲೆ ಅತ್ತ,
ಭಾನುವಾರ ಅಳುತ್ತಿದ್ದ ಅದೇ ಕಣ್ಣಿನಿಂದ.
ಅಮ್ಮ ಟಿವಿಗೆ ಮೂಗು ತಾಗುವಷ್ಟು ಬಾಗಿ
"ಟೈ ಸೊಟ್ಟಗಿದೆ, ಯಾರೂ ನೋಡಿಕೊಳ್ಳುತ್ತಿಲ್ಲ ಪಾಪ" ಎಂದಳು.
ಜೈಲಿಗೂ ಹತ್ತು ಡಾಲರ್ ಹೋಯಿತು.
ಅವಳು ಸತ್ತ ತಿಂಗಳು ನಿಂತಿತು.

ಬ್ಯಾಂಕು ಅವನ ಮಂದಿರ ಹರಾಜು ಹಾಕಿದ ದಿನ
ಒಬ್ಬಳೇ ಹೋಗಿದ್ದೆ. ವಾಸಿಯಾದವರ ಗೋಡೆ:
ಊರುಗೋಲು, ಕಬ್ಬಿಣ, ಎರಡು ಗಾಲಿಕುರ್ಚಿ.
ತಿರುಗಿಸಿ ನೋಡಿದರೆ ಹೆಚ್ಚಿನ ಕೋಲುಗಳ
ತುದಿಯ ರಬ್ಬರು ಸವೆದೇ ಇಲ್ಲ.
ಒಂದಕ್ಕೆ ಸಗಟು ಅಂಗಡಿಯ ಚೀಟಿ,
ಡಜನ್ನಿಗೆ ಇಷ್ಟು ಅಂತ.
ಸವೆದವೂ ಇದ್ದವು. ಅದನ್ನೂ ಹೇಳಬೇಕು.
ತಮ್ಮನದು ಸಿಗಲಿಲ್ಲ. ಇಡೀ ಗೋಡೆಯನ್ನು
ಬಾರ್ಬೆಕ್ಯೂ ಹೋಟೆಲಿನವನೊಬ್ಬ
ಅಲಂಕಾರಕ್ಕೆಂದು ಒಟ್ಟಿಗೆ ಕೊಂಡ.

ಪೆಟ್ಟಿಗೆ ಇಳಿಯಿತು. ಕೂಲಿಗೆ ಬಂದ ಪಾದ್ರಿ
ಥ್ಯಾಕರ್‌ಸನ್ ಎಂದು ಓದಿದ. ಯಾರೂ ತಿದ್ದಲಿಲ್ಲ.
ಟ್ರಕ್ಕಿನಲ್ಲಿ ಹೀಟರ್ ಹಾಕಿದೆ.
ಲೀಲ್ಯಾಂಡ್ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ.
ಕಳ್ಳ ಅವನು, ಎಂದೆ.
"ಕಳ್ಳನೇ."
ಅಮ್ಮನ ರಕ್ತ ಹೀರಿದ.
"ಹೂಂ."
ಗಾಜಿನ ಮಂಜು ಒಂದು ಮೂಲೆಯಿಂದ ಕರಗತೊಡಗಿತು.
"ಆದರೆ ನಡೆದೆನಲ್ಲ, ವರ್ನಾ. ನೀನೇ ಎಣಿಸಿದ್ದೆ."

ಶವದ ಗಾಡಿಯಿಂದ ಗುಂಡಿಯವರೆಗೆ
ಇವತ್ತೂ ಎಣಿಸಿದ್ದೆ. ಎಷ್ಟೆಂದು ಅವನು ಕೇಳಲಿಲ್ಲ.
ಹೆದ್ದಾರಿಗೆ ಬಂದಾಗ ಹಸಿವು ಎಂದ.
ಹತ್ತಿರದಲ್ಲಿ ಇದ್ದದ್ದು ಆ ಹೋಟೆಲು ಒಂದೇ.
ಕಿಟಕಿಯ ಬಲ್ಬುಗಳ ಹಿಂದೆ ಸಾಲು ಸಾಲು ಕೋಲು.
ನಾನು ನಿಲ್ಲಿಸದೆ ಓಡಿಸಿದೆ.
ಅವನು ಕತ್ತು ತಿರುಗಿಸಿ
ಮರೆಯಾಗುವತನಕ ನೋಡುತ್ತಿದ್ದ.